ಕಣ್ಣು ಕೆಂಪಾದರೆ ಸೊಂಟದ ಮಾತೂ ಹೇಳಿ

ಹಾಲು ಉತ್ಪಾದಕ ಅಕ್ಕತಂಗಿಯರೇ,

ಹಸುವಿನ ಕೆಚ್ಚಲು ಒಂದು ಹೊತ್ತು ಗಟ್ಟಿಯಾದರೆ ರಾತ್ರಿ ಹನ್ನೊಂದಕ್ಕೂ ನನಗೆ ಫೋನ್ ಬರುತ್ತದೆ. ಬರಲಿ, ಅದು ನನ್ನ ಕೆಲಸ. ಆದರೆ ನಿಮ್ಮದೇ ಸೊಂಟ ವರ್ಷಗಟ್ಟಲೆ ನೋಯುತ್ತಿದ್ದರೂ "ಹಾಲು ಕರೆಯೋರಿಗೆ ಇದ್ದದ್ದೇ ಬಿಡಿ ಡಾಕ್ಟ್ರೇ" ಅನ್ನುತ್ತೀರಿ. ನನ್ನ ತಕರಾರು ಈ ಮಾತಿನ ಮೇಲೆ.

ಕಳೆದ ಮಳೆಗಾಲದಲ್ಲಿ ಒಂದು ಮನೆಗೆ ಹಸುವಿನ ಗರ್ಭ ಪರೀಕ್ಷೆಗೆ ಹೋಗಿದ್ದೆ. ಹಗ್ಗ ಹಿಡಿದು ನಿಂತಿದ್ದ ಅಕ್ಕನಿಗೆ ಮೂವತ್ತೆರಡೋ ಮೂವತ್ಮೂರೋ ಇರಬಹುದು. ಒಂದು ಕಣ್ಣು ಕೆಂಡದ ಹಾಗಿತ್ತು. ಬೆಳಕು ತಡೆಯಲಾಗದೆ ಸೆರಗು ಮುಚ್ಚಿಕೊಂಡಿದ್ದರು. ಮದ್ರಾಸ್ ಐ ಇರಬೇಕೆಂದು ಮನೆಯಲ್ಲಿ ಉಳಿದಿದ್ದ ಡ್ರಾಪ್ಸ್ ಹಾಕುತ್ತಿದ್ದರಂತೆ. ಗೀಜು ಇರಲಿಲ್ಲ, ಕಣ್ಣಿನ ಒಳಗೇ ನೋವು, ದೃಷ್ಟಿ ಮಂಜು. ಹಿಂದಿನ ವರ್ಷ ಇನ್ನೊಂದು ಕಣ್ಣಿಗೂ ಹೀಗೇ ಆಗಿತ್ತಂತೆ. ನಾನು ದನದ ಡಾಕ್ಟರು, ಮನುಷ್ಯರ ಕಣ್ಣಿಗೆ ಔಷಧಿ ಹೇಳುವವನಲ್ಲ. ಇವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಎಂದೆ. ಅಲ್ಲಿ ಕಣ್ಣು ನೋಡಿದವರು ಕೇಳಿದ್ದು, "ಬೆಳಿಗ್ಗೆ ಏಳುವಾಗ ಸೊಂಟ ಹಿಡ್ಕೊಳ್ಳುತ್ತಾ?" ಎಂದು. ನಾಲ್ಕು ವರ್ಷದಿಂದ ಹಿಡಿದುಕೊಳ್ಳುತ್ತಿತ್ತು!

ಇದು ಬೆನ್ನುಮೂಳೆಯ ಉರಿಯೂತದ ಸಂಧಿವಾತ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಈ ಗುಂಪಿನದೇ. ಸಾಮಾನ್ಯವಾಗಿ 45 ವರ್ಷದೊಳಗೇ ಶುರುವಾಗುತ್ತದೆ. ದುಡಿದು ಬಂದ ನೋವು ಮಲಗಿದರೆ ಇಳಿಯುತ್ತದೆ. ಇದು ಉಲ್ಟಾ. ಬೆಳಗಿನ ಜಾವ ನೋವಿಗೆ ಎಚ್ಚರವಾಗುತ್ತದೆ, ಎದ್ದ ಮೇಲೆ ಅರ್ಧ ಗಂಟೆಗೂ ಹೆಚ್ಚು ಬಿಗಿತ, ಸಗಣಿ ಬಾಚಿ ಓಡಾಡಿದ ಮೇಲೆ ಸಡಿಲ. ಕೆಲಸ ಮಾಡಿದರೆ ಸರಿಹೋಗುವ ನೋವನ್ನು ಮನೆಯಲ್ಲಿ ಯಾರು ನಂಬುತ್ತಾರೆ ಹೇಳಿ? ಗಂಡಸರ ಕಾಯಿಲೆ ಎಂಬ ಹಳೆಯ ನಂಬಿಕೆ ಬೇರೆ. ಹೆಂಗಸರ ಎಕ್ಸ್‌ರೇಯಲ್ಲಿ ಬದಲಾವಣೆ ಕಾಣುವುದೂ ನಿಧಾನ.

ಇದು ಮೂಳೆಯಲ್ಲೇ ನಿಲ್ಲುವುದಿಲ್ಲ. ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಒಂದಲ್ಲ ಒಂದು ದಿನ ಕಣ್ಣಿನ ಒಳಗೆ ಉರಿಯೂತ ಬರುತ್ತದೆ. ಅದಕ್ಕೆ ಯುವಿಯೈಟಿಸ್ ಎನ್ನುತ್ತಾರೆ. ತಡವಾದರೆ ದೃಷ್ಟಿಗೇ ಪೆಟ್ಟು. ನಂದಿಬಟ್ಟಲು ಹೂವಿನ ರಸ, ಪಕ್ಕದ ಮನೆಯವರ ಡ್ರಾಪ್ಸ್ ಯಾವುದೂ ಬೇಡ. ಕೆಲವರಿಗೆ ಚರ್ಮದ ಮೇಲೆ ಹೊಟ್ಟೇಳುವ ಸೋರಿಯಾಸಿಸ್, ಕೆಲವರಿಗೆ ಕರುಳಿನ ಉರಿಯೂತ: ವಾರಗಟ್ಟಲೆ ಭೇದಿ, ಮಲದಲ್ಲಿ ರಕ್ತ. ನಾವು ಚರ್ಮಕ್ಕೊಬ್ಬ ಡಾಕ್ಟರು, ಹೊಟ್ಟೆಗೊಬ್ಬರು ಎಂದು ಅಲೆಯುತ್ತೇವೆ. ಒಬ್ಬರಿಗೆ ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳುವುದಿಲ್ಲ. ಸೊಂಟಕ್ಕೆಂದು ನುಂಗುವ ಕೆಲವು ನೋವಿನ ಮಾತ್ರೆ ಕರುಳಿನ ತೊಂದರೆ ಕೆರಳಿಸಬಹುದು, ಹಾಗಾಗಿ ಎಲ್ಲವನ್ನೂ ಒಬ್ಬರ ಮುಂದೆ ಒಟ್ಟಿಗೆ ಹೇಳುವುದು ಮುಖ್ಯ.

ಹಸು ಕಟ್ಟಿದ್ದೇವೆ ಎಂಬುದನ್ನೂ ಹೇಳಿ. ಕಂದು ಹಾಕಿದ ಹಸುವಿನ ಮಾಸನ್ನು ಬರಿಗೈಲಿ ಮುಟ್ಟಿದವರಿಗೆ, ಹಸಿ ಹಾಲು ಕುಡಿದವರಿಗೆ ಬ್ರುಸೆಲ್ಲಾ ಸೋಂಕು ತಗಲಿದರೆ ಅದರಲ್ಲೂ ಸೊಂಟ ನೋಯುತ್ತದೆ, ಜ್ವರ ಬಂದುಹೋಗಿ ಮಾಡುತ್ತದೆ. ಅದರ ಚಿಕಿತ್ಸೆಯೇ ಬೇರೆ.

ಸಂಘಗಳ ಆರೋಗ್ಯ ಶಿಬಿರಗಳಲ್ಲಿ ಬಿಪಿ, ಶುಗರ್ ನೋಡಿ ಕಳಿಸಿದರೆ ಸಾಲದು ಎಂಬುದು ನನ್ನ ಅಭಿಪ್ರಾಯ. ಬೆಳಗಿನ ಬಿಗಿತ, ಕಣ್ಣು, ಚರ್ಮ, ಹೊಟ್ಟೆ ಇವಿಷ್ಟನ್ನೂ ಕೇಳಬೇಕು. ಅದಕ್ಕೆ ಯಂತ್ರ ಬೇಡ, ಎರಡು ನಿಮಿಷ ಸಾಕು. ಮುಂದಿನ ಮಹಿಳಾ ಸಭೆಯಲ್ಲಿ ನೀವೇ ಈ ಮಾತು ಎತ್ತಿ.

ಆ ಅಕ್ಕನ ಕಣ್ಣು ತಿಳಿಯಾಗಿದೆ. ಸೊಂಟಕ್ಕೆ ಚಿಕಿತ್ಸೆ, ವ್ಯಾಯಾಮ ನಡೆಯುತ್ತಿದೆ. ಡೇರಿಗೆ ಕ್ಯಾನ್ ಈಗ ಅವರ ಗಂಡ ತರುತ್ತಾರೆ.