ನಿಂಬೆಹಣ್ಣು ಇಡುವ ಮುನ್ನ...

ಮನೆಗೆ ಸೆಕೆಂಡ್ ಹ್ಯಾಂಡ್ ಗಾಡಿ ಬರುತ್ತದೆ ಎಂದರೆ ಹೆಂಗಸರಿಗೆ ಸಾಮಾನ್ಯವಾಗಿ ಎರಡೇ ಕೆಲಸ. ಒಂದು, ಕಪಾಟಿನಿಂದ ಬಳೆ ತೆಗೆದುಕೊಡುವುದು. ಇನ್ನೊಂದು, ಗಾಡಿ ಬಂದ ದಿನ ಆರತಿ ಎತ್ತಿ ಚಕ್ರದ ಕೆಳಗೆ ನಿಂಬೆಹಣ್ಣು ಇಡುವುದು. ಇವೆರಡರ ನಡುವೆ ನಡೆಯುವ ನೋಡಾಟ, ಓಡಾಟ, ಚೌಕಾಶಿ, ಕಾಗದಪತ್ರ ಎಲ್ಲವೂ ಗಂಡಸರ ಖಾತೆ. 'ನಿಂಗೆ ಗಾಡಿ ವಿಷಯ ಎಂತ ಗೊತ್ತು?' ಎಂದು ಒಂದು ಮಾತು ಬಂದರೆ ಸಾಕು, ನಾವೂ ಚಹಾ ಇಡಲು ಒಳಗೆ ಹೋಗಿಬಿಡುತ್ತೇವೆ.

ಕಾರವಾರದ ಮೀನು ಮಾರುಕಟ್ಟೆಯಲ್ಲಿ ಕಿವಿರು ಎತ್ತಿ ನೋಡದೆ ಒಂದು ಬಂಗಡೆಯನ್ನೂ ಚೀಲಕ್ಕೆ ಹಾಕಿಕೊಳ್ಳದವರು ನಾವು. ಲಕ್ಷ ರೂಪಾಯಿಯ ಗಾಡಿಯನ್ನು ಮಾತ್ರ ಯಾರೋ 'ಸೂಪರ್ ಕಂಡೀಷನ್' ಎಂದರೆಂದು ಮನೆಗೆ ತಂದುಕೊಳ್ಳುವುದೇ?

ಅಂಕೋಲಾದ ನನ್ನ ಗೆಳತಿಯೊಬ್ಬಳ ಮನೆಯಲ್ಲಿ ಈಗ ಇದೇ ಚರ್ಚೆ. ಅವಳ ಯಜಮಾನರಿಗೆ ಒಂದು ಮಾರುತಿ ಓಮ್ನಿ ಮನಸ್ಸಿಗೆ ಬಂದಿದೆ. ಮಾರುವವನೇ ಹೇಳಿದ್ದಾನಂತೆ, 'ಎಂಜಿನ್‌ನಲ್ಲಿ ಸ್ವಲ್ಪ ಸದ್ದು ಅದೆ, ಕ್ಲಚ್ ಸ್ವಲ್ಪ ನೋಡ್ಬೇಕು, ಅಷ್ಟೇ' ಅಂತ. ದುಡ್ಡಿಗೆ ಅವಳ ಬಳೆ ಅಡವಿಡಬೇಕು. 'ತಗೊಳ್ಳೋದಾ, ಬಿಡೋದಾ ನೀನೇ ಹೇಳು' ಎಂದು ಫೋನ್ ಮಾಡಿದ್ದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ನಿಮಗೂ ಹೇಳುತ್ತೇನೆ.

ಆಸೆ ತಪ್ಪಲ್ಲ

'ಹಳೇ ಗಾಡಿ ಯಾಕೆ, ಹೊಸದೇ ತಗೊಳ್ಳಿ' ಎನ್ನುವುದು ಕೈಯಲ್ಲಿ ದುಡ್ಡಿದ್ದವರ ಉಪದೇಶ. ನಮ್ಮ ಕಡೆ ವ್ಯಾನ್ ಬೇಕೆನ್ನುವುದು ಬರೀ ಶೋಕಿಗಲ್ಲ. ದೊಡ್ಡ ಚಿಕಿತ್ಸೆ ಎಂದರೆ ಮಣಿಪಾಲ, ಹುಬ್ಬಳ್ಳಿ ಅಥವಾ ಗೋವಾಕ್ಕೆ ಓಡಬೇಕು. ಮಂಡಿನೋವಿನ ಅತ್ತೆಯನ್ನು ಹತ್ತಿಸಲು ಪಕ್ಕಕ್ಕೆ ಸರಿಯುವ ಆ ಬಾಗಿಲು ಎಷ್ಟು ಅನುಕೂಲ! ಮಕ್ಕಳು, ಚೀಲ, ತವರಿನಿಂದ ತರುವ ತೆಂಗಿನಕಾಯಿ ಎಲ್ಲದಕ್ಕೂ ಜಾಗ.

ಆದರೆ ಓಮ್ನಿಯ ವಯಸ್ಸು ನೆನಪಿರಲಿ. 1984ರಲ್ಲಿ 'ಮಾರುತಿ ವ್ಯಾನ್' ಎಂದು ಬಂದು, 1988ರಲ್ಲಿ ಓಮ್ನಿ ಎಂಬ ಹೆಸರು ಪಡೆದ ಈ ಗಾಡಿಯ ತಯಾರಿಕೆ 2019ರಲ್ಲಿ ನಿಂತಿತು. ಹೊಸ ಸುರಕ್ಷತಾ ನಿಯಮಗಳಿಗೆ ಅದರ ರಚನೆ ಒಗ್ಗಲಿಲ್ಲ. ಮುಂದೆ ಕುಳಿತವರ ಕಾಲಿಗೂ ಎದುರಿನ ತಗಡಿಗೂ ಹೆಚ್ಚು ಅಂತರವಿಲ್ಲ, ಏರ್‌ಬ್ಯಾಗ್ ಇಲ್ಲ. ಹೆದ್ದಾರಿಯ ದೂರದ ಓಡಾಟವೇ ಹೆಚ್ಚು ಎಂದಾದರೆ ಇದನ್ನು ಮೊದಲು ಯೋಚಿಸಿ. ಇನ್ನೂ ಒಂದು ಲೆಕ್ಕ ಹಾಕಿ ನೋಡಿ. ವರ್ಷಕ್ಕೆ ನಾಲ್ಕೈದು ಸಲ ಆಸ್ಪತ್ರೆಗೆ, ಒಮ್ಮೆ ಗೋಕರ್ಣಕ್ಕೆ ಎಂದಷ್ಟೇ ಆದರೆ ಬಾಡಿಗೆ ಕಾರೇ ಅಗ್ಗ. ವಾರಕ್ಕೆ ಮೂರು ದಿನ ಬೇಕು ಎನ್ನುವವರಿಗೆ ಸ್ವಂತ ಗಾಡಿಯ ಮಾತು.

ಅಮೆರಿಕದ ನಿಂಬೆಹಣ್ಣು

ನಾವು ಹೊಸ ಗಾಡಿಯ ಚಕ್ರಕ್ಕೆ ನಿಂಬೆಹಣ್ಣು ಇಡುತ್ತೇವೆ. ಅಮೆರಿಕದಲ್ಲಿ ಒಳಗೆ ದೋಷ ಮುಚ್ಚಿಟ್ಟ ಗಾಡಿಯನ್ನೇ 'ಲೆಮನ್' ಅಂದರೆ ನಿಂಬೆಹಣ್ಣು ಎನ್ನುತ್ತಾರಂತೆ! ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞ 1970ರಲ್ಲಿ ಇದೇ ಹಳೆ ಕಾರು ಮಾರುಕಟ್ಟೆಯ ಮೇಲೆ ಲೇಖನ ಬರೆದರು. 2001ರಲ್ಲಿ ಇನ್ನಿಬ್ಬರ ಜೊತೆ ಅವರಿಗೆ ನೊಬೆಲ್ ಬಂತು. ಅವರು ಹೇಳಿದ್ದು ನಮ್ಮ ಅಜ್ಜಿಯಂದಿರಿಗೂ ಅರ್ಥವಾಗುವ ಮಾತು. ಮಾರುವವನಿಗೆ ತನ್ನ ಗಾಡಿಯ ಗುಟ್ಟು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದ ಎಲ್ಲರೂ ಕಡಿಮೆ ಬೆಲೆಗೇ ಕೇಳುತ್ತಾರೆ. ಆಗ ಒಳ್ಳೆಯ ಗಾಡಿ ಇಟ್ಟುಕೊಂಡವನು ಮಾರಲು ಮನಸ್ಸು ಮಾಡುವುದಿಲ್ಲ. ಪೇಟೆಯಲ್ಲಿ ಕೆಟ್ಟವೇ ಹೆಚ್ಚು ಉಳಿಯುತ್ತವೆ.

ಹಾಗಾದರೆ ನಾವು ಮಾಡಬೇಕಾದದ್ದು ಒಂದೇ. ಅವನಿಗೆ ಗೊತ್ತಿರುವ ಗುಟ್ಟನ್ನು ಹಣ ಕೊಡುವ ಮೊದಲೇ ನಾವೂ ತಿಳಿದುಕೊಳ್ಳುವುದು. ದೋಷ ಗೊತ್ತಿದ್ದು, ಅದರ ರಿಪೇರಿ ಖರ್ಚು ಬೆಲೆಯಲ್ಲಿ ಕಳೆದಿದ್ದರೆ ಅಂಥ ವ್ಯಾನ್ ಕೊಳ್ಳಬಹುದು. 'ಏನೋ ಸ್ವಲ್ಪ ಸದ್ದು' ಎಂಬ ಲೆಕ್ಕವಿಲ್ಲದ ದೋಷದ ವ್ಯಾನ್ ಎಷ್ಟೇ ಅಗ್ಗವಾದರೂ ಬೇಡ. ಇದು ನನ್ನ ಖಚಿತ ಅಭಿಪ್ರಾಯ.

ಮೂರು ಬಗೆಯ ದೋಷ

ಮೊದಲನೆಯದು ಸವೆಯುವ ಸಾಮಾನಿನದ್ದು. ಟೈರ್, ಬ್ಯಾಟರಿ, ಬ್ರೇಕ್ ಶೂ, ಕ್ಲಚ್ ಪ್ಲೇಟ್. ಇವು ಬದಲಾಯಿಸಲೆಂದೇ ಇರುವಂಥವು. ಇದಕ್ಕೆ ಹೆದರಬೇಡಿ, ಬೆಲೆಯಲ್ಲಿ ಕಳೆಯಿರಿ.

ಎರಡನೆಯದು ದೊಡ್ಡ ಖರ್ಚಿನದ್ದು. ಎಂಜಿನ್ ಬಿಚ್ಚಿ ಮಾಡುವ ಕೆಲಸ, ಗೇರ್‌ಬಾಕ್ಸ್, ಬಿಸಿಯಾಗಿ ನೀರು ಉಕ್ಕುವ ರೇಡಿಯೇಟರ್. ಗ್ಯಾರೇಜಿನವರು ಕಾಗದದಲ್ಲಿ ಅಂದಾಜು ಬರೆದುಕೊಟ್ಟ ಮೇಲೆ ಮಾತ್ರ ಯೋಚಿಸಿ.

ಮೂರನೆಯದು ಬೆಲೆ ಎಷ್ಟೇ ಇಳಿಸಿದರೂ ಬೇಡ ಎನ್ನಬೇಕಾದದ್ದು. ತಳದ ತಗಡು ತಿಂದುಹೋದದ್ದು, ಅಪಘಾತದಲ್ಲಿ ತಳವೇ ಸೊಟ್ಟಗಾದದ್ದು, ನೆರೆಯಲ್ಲಿ ಮುಳುಗಿ ಎದ್ದದ್ದು, ಕಾಗದ ಸರಿಯಿಲ್ಲದ್ದು.

ನಮ್ಮೂರಿನಲ್ಲಿ ಈ ಮೂರನೆಯದಕ್ಕೇ ಹೆಚ್ಚು ಜಾಗ್ರತೆ ಬೇಕು. ಸಮುದ್ರದ ಉಪ್ಪುಗಾಳಿ ಮನೆಯ ಕಿಟಕಿ ಸರಳನ್ನೇ ಬಿಡುವುದಿಲ್ಲ, ಗಾಡಿಯ ತಗಡನ್ನು ಬಿಟ್ಟೀತೇ? ಮೇಲೆ ಹೊಸ ಬಣ್ಣ ಮಿರಮಿರ ಮಿಂಚುತ್ತಿದ್ದರೂ ಕೆಳಗಿನ ಮ್ಯಾಟ್ ಎತ್ತಿ ನೋಡಿ. ಬಾಗಿಲಿನ ಕೆಳಅಂಚಿಗೆ ಬೆರಳಿನಿಂದ ಒತ್ತಿ ನೋಡಿ. ಒಳಗೆ ಹೋಗುವಷ್ಟು ಮೆತ್ತಗಿದ್ದರೆ ಅಲ್ಲಿ ಉಳಿದಿರುವುದು ಬಣ್ಣ ಮಾತ್ರ.

ಇನ್ನು ನೆರೆ. 2019ರ ಆಗಸ್ಟ್‌ನಲ್ಲಿ ಕಾಳಿ, ಗಂಗಾವಳಿ ಎರಡೂ ಉಕ್ಕಿದ್ದು, 2021ರ ಜುಲೈನಲ್ಲಿ ಗಂಗಾವಳಿ ಮತ್ತೆ ಅಂಕೋಲಾದ ಊರುಗಳಿಗೆ ನುಗ್ಗಿದ್ದು ನೆನಪಿದೆಯಲ್ಲ? ನೀರಿನಲ್ಲಿ ನಿಂತ ಗಾಡಿಗೂ ತೊಳೆದು ಒರೆಸಿ, ಸೀಟ್ ಕವರ್ ಬದಲಾಯಿಸಿದರೆ ಹೊಸ ಕಳೆ ಬರುತ್ತದೆ. ಗುರುತು ಹಿಡಿಯುವುದು ಹೇಗೆ? ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ, ಕೆಸರಿನ ಕಲೆ ಇದ್ದರೆ ಅಲ್ಲಿ ಕಾಣುತ್ತದೆ. ಸೀಟಿನ ಬೋಲ್ಟ್‌ಗಳ ತುಕ್ಕು, ಮೂಲೆಯಲ್ಲಿ ಕೂತ ಮಣ್ಣು, ಕಿಟಕಿ ಮುಚ್ಚಿದಾಗ ಬರುವ ಮುಗ್ಗಲು ವಾಸನೆ ಇವೆಲ್ಲ ಸಾಕ್ಷಿ. ವಾಸನೆ ಹಿಡಿಯುವುದರಲ್ಲಿ ನಮ್ಮನ್ನು ಮೀರಿಸುವವರು ಯಾರಿದ್ದಾರೆ ಹೇಳಿ!

ನೀವೂ ಜೊತೆಗೆ ಹೋಗಿ

ಗಾಡಿ ನೋಡಲು ಬೆಳಿಗ್ಗೆಯೇ ಹೋಗಿ, 'ನಾವು ಬರುವವರೆಗೆ ಸ್ಟಾರ್ಟ್ ಮಾಡ್ಬೇಡಿ' ಎಂದು ಮೊದಲೇ ಹೇಳಿಡಿ. ತಣ್ಣಗಿನ ಎಂಜಿನ್ ಸುಳ್ಳು ಹೇಳುವುದು ಕಷ್ಟ. ಓಮ್ನಿಯ ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಸೀಟು ಎತ್ತಿಸಿ, ಆಯಿಲ್ ನೋಡುವ ಕಡ್ಡಿ ತೆಗೆಸಿ. ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಒಳಗೆ ನೀರು ಸೇರಿದೆ ಎಂದರ್ಥ.

ಸ್ಟಾರ್ಟ್ ಮಾಡಿದಾಗ ಹಿಂದೆ ಹೋಗಿ ಹೊಗೆ ನೋಡಿ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಕಪ್ಪು ಹೊಗೆ ಎಂದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತಿದೆ. ಬೆಳಿಗ್ಗೆಯ ಚಳಿಗೆ ಸ್ವಲ್ಪ ಬಿಳಿ ಆವಿ ಬಂದು ನಿಂತರೆ ಚಿಂತೆಯಿಲ್ಲ, ದಟ್ಟ ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ನೀರು ಒಳಸೇರುತ್ತಿರಬಹುದು.

ಆಮೇಲೆ ಓಡಿಸಿ ನೋಡುವುದು. ಬಸ್‌ಸ್ಟ್ಯಾಂಡಿಗೆ ಒಂದು ಸುತ್ತು ಹಾಕಿ ಬಂದರೆ ಸಾಲದು. ಅಂಕೋಲಾದವರಿಗೆ ಹುಬ್ಬಳ್ಳಿ ರಸ್ತೆಯ ಅರಬೈಲ್ ಘಟ್ಟಕ್ಕಿಂತ ಒಳ್ಳೆಯ ಪರೀಕ್ಷಕರಿಲ್ಲ. ಏರಿನಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಸರಿಯುವುದಿಲ್ಲ ಎಂದರೆ ಕ್ಲಚ್ ಸವೆದಿದೆ. ಬಿಸಿಯ ಮುಳ್ಳು ಮೇಲೇರುತ್ತದೆಯೇ, ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಗಾಡಿ ಒಂದು ಬದಿಗೆ ಎಳೆಯುತ್ತದೆಯೇ ನೋಡಿ. ರಾತ್ರಿ ಹನ್ನೊಂದಕ್ಕೆ ಅತ್ತೆಯನ್ನು ಮಲಗಿಸಿಕೊಂಡು ಹುಬ್ಬಳ್ಳಿಗೆ ಹೋಗುವಾಗ ಈ ಪರೀಕ್ಷೆ ಆಗುವುದಕ್ಕಿಂತ ಹಗಲಿನಲ್ಲಿ ಆಗುವುದು ಮೇಲಲ್ಲವೇ?

ಇಷ್ಟಾದ ಮೇಲೆ ನಿಮ್ಮದೇ ಮೆಕ್ಯಾನಿಕ್‌ಗೆ ಸಂಬಳ ಕೊಟ್ಟು ತೋರಿಸಿ. ಮಾರುವವನ ಸ್ನೇಹಿತನೂ ಅಲ್ಲ, ನಡುವೆ ಕಮಿಷನ್ ತೆಗೆದುಕೊಳ್ಳುವವನೂ ಅಲ್ಲ. ನನ್ನ ಗೆಳತಿ ಈ ಮಾತು ಹೇಳಿಸಿದಾಗ ಆ ಕಡೆಯಿಂದ ಬಂದ ಉತ್ತರ ಏನು ಗೊತ್ತೇ? 'ಬೇರೆ ಗಿರಾಕಿ ಕಾಯ್ತಿದ್ದಾರೆ, ಇವತ್ತೇ ಅಡ್ವಾನ್ಸ್ ಕೊಟ್ಟರೆ ಸರಿ.' ನನ್ನ ಮಟ್ಟಿಗೆ ಆ ವ್ಯಾನಿನ ತಪಾಸಣೆ ಅಲ್ಲಿಗೇ ಮುಗಿಯಿತು. ತೋರಿಸಲು ಒಪ್ಪದವನ ಗಾಡಿ ಆ ಇನ್ನೊಬ್ಬ ಗಿರಾಕಿಗೇ ಸಿಗಲಿ ಬಿಡಿ.

ಕಾಗದದ ಗುಟ್ಟು

ಕಾರವಾರದ ಸುತ್ತ ಕೈಗಾ, ಸೀಬರ್ಡ್ ನೌಕಾನೆಲೆ ಇರುವುದರಿಂದ ವರ್ಗವಾದವರು ಗಾಡಿ ಮಾರಿಹೋಗುವುದುಂಟು. ಗಡಿಯಾಚೆ ಗೋವಾದಿಂದಲೂ ಗಾಡಿಗಳು ಬರುತ್ತವೆ. ನಂಬರ್ 'ಕೆ.ಎ. 30' ಆದರೆ ಕಾರವಾರದ್ದು. ಹೊರರಾಜ್ಯದ ನಂಬರ್ ಇದ್ದರೆ ಅಲ್ಲಿಯ ನಿರಾಕ್ಷೇಪಣಾ ಪತ್ರ, ಅಂದರೆ ಫಾರ್ಮ್ 28 ಬೇಕು. ಇಲ್ಲಿ ನೋಂದಾಯಿಸುವಾಗ ನಮ್ಮ ರಾಜ್ಯದ ತೆರಿಗೆಯನ್ನೂ ಕಟ್ಟಬೇಕು. ಅಗ್ಗವೆಂದು ಕಂಡದ್ದು ಈ ತೆರಿಗೆ ಸೇರಿದಾಗ ಅಗ್ಗವಾಗಿ ಉಳಿಯುತ್ತದೆಯೇ ಎಂದು ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ.

ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು, ಗಾಡಿ ತಪಾಸಣೆಯಲ್ಲಿ ಪಾಸಾಗಬೇಕು. ಕಾರು, ವ್ಯಾನುಗಳಿಗೆ 600 ರೂ. ಇದ್ದ ಈ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂ. ಆಯಿತು. 20 ವರ್ಷ ದಾಟಿದವಕ್ಕೆ 2025ರಲ್ಲಿ ಇನ್ನೂ ಏರಿದೆ. 14 ವರ್ಷದ ಓಮ್ನಿ ಕೊಂಡವರಿಗೆ ಈ ಖರ್ಚು ಬಾಗಿಲಲ್ಲೇ ನಿಂತಿರುತ್ತದೆ.

ಸಾಲ ತೀರಿದ್ದರೆ ಫಾರ್ಮ್ 35, ಹೆಸರು ವರ್ಗಾಯಿಸಲು ಫಾರ್ಮ್ 29 ಮತ್ತು 30. ಗ್ಯಾಸ್ ಕಿಟ್ ಇದ್ದರೆ ಅದು ಆರ್.ಸಿ.ಯಲ್ಲಿ ನಮೂದಾಗಿರಬೇಕು. ಅಡುಗೆ ಸಿಲಿಂಡರ್ ಜೋಡಿಸಿ ಓಡಿಸುವ ಗಾಡಿಯ ಹತ್ತಿರವೂ ಹೋಗಬೇಡಿ, ಅದು ಕಾನೂನುಬಾಹಿರ, ಜೀವಕ್ಕೂ ಅಪಾಯ. ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಆರ್.ಸಿ.ಯ ಜೊತೆ ಹೋಲಿಸಿ. ಕಟ್ಟದ ದಂಡ, ವಿಮೆಯ ಅವಧಿಗಳನ್ನು ಪರಿವಾಹನ್ ಆ್ಯಪ್‌ನಲ್ಲೇ ನೋಡಬಹುದು, ಮನೆಯ ಮಕ್ಕಳು ಎರಡು ನಿಮಿಷದಲ್ಲಿ ತೋರಿಸುತ್ತಾರೆ.

ಕೊಂಡವರು 30 ದಿನದೊಳಗೆ ಹೆಸರು ಬದಲಾವಣೆಗೆ ಆರ್‌ಟಿಒಗೆ ತಿಳಿಸಬೇಕು, ವಿಮೆ ಕಂಪನಿಗೆ 14 ದಿನದೊಳಗೆ. 'ಆಮೇಲೆ ಮಾಡಿಸಿದರಾಯ್ತು' ಎನ್ನುವವರು 2018ರ ಸುಪ್ರೀಂ ಕೋರ್ಟ್ ತೀರ್ಪನ್ನು ತಿಳಿದಿರಲಿ. ನವೀನ್ ಕುಮಾರ್ ಪ್ರಕರಣದಲ್ಲಿ ಗಾಡಿ ಒಬ್ಬರಿಂದ ಒಬ್ಬರಿಗೆ ಮಾರಾಟವಾಗುತ್ತಾ ಹೋಗಿದ್ದರೂ ದಾಖಲೆಯಲ್ಲಿ ಹೆಸರಿದ್ದವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಕೋರ್ಟ್ ಹೇಳಿತು. ಇದನ್ನು ನಾವು ಹೆಂಗಸರು ಎರಡು ಸಲ ಓದಬೇಕು. ಎಷ್ಟೋ ಮನೆಗಳಲ್ಲಿ ಗಾಡಿ 'ಅವಳ ಹೆಸರಲ್ಲಿ ಇರಲಿ' ಎಂದು ಮಾಡಿಸುತ್ತಾರೆ. ಇರಲಿ, ಸಂತೋಷ. ಆದರೆ ಹೆಸರಿನ ಜೊತೆ ಹೊಣೆಯೂ ಬರುತ್ತದೆ. ಆ ಗಾಡಿ ಮುಂದೆ ಮಾರಿದಾಗ ನಿಮ್ಮ ಹೆಸರು ತೆಗೆಸಿದ್ದು ಖಾತ್ರಿಯಾಗುವವರೆಗೆ ಬಿಡಬೇಡಿ.

ಬಳೆಯ ಲೆಕ್ಕ

ಕೈಯಲ್ಲಿರುವುದು 1,20,000 ರೂ. ಆದರೆ 90,000 ರೂ.ಗಿಂತ ಹೆಚ್ಚಿನ ವ್ಯಾನ್ ನೋಡಲೇಬೇಡಿ. ಉಳಿದದ್ದು ಮೊದಲ ತಿಂಗಳ ರಿಪೇರಿ, ವಿಮೆ, ವರ್ಗಾವಣೆಗೆ ಬೇಕು. ಇಲ್ಲವಾದರೆ ಗಾಡಿ ಗ್ಯಾರೇಜಿನಲ್ಲಿ, ಬಳೆ ಬ್ಯಾಂಕಿನಲ್ಲಿ, ಬಡ್ಡಿ ಮಾತ್ರ ಮನೆಯಲ್ಲಿ! ವ್ಯಾಪಾರಿಯಿಂದ ಕೊಂಡರೆ ರಸೀದಿ, ವಾರಂಟಿ ಬರೆಸಿಕೊಳ್ಳಿ. ಮೋಸವಾದರೆ ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಖಾಸಗಿ ವ್ಯಕ್ತಿಯಿಂದ ಕೊಂಡದ್ದಕ್ಕೆ ಆ ದಾರಿ ಸಾಮಾನ್ಯವಾಗಿ ಇಲ್ಲ, ಅಲ್ಲಿ ನಮ್ಮ ಕಣ್ಣೇ ನಮಗೆ ಆಯೋಗ.

ಇದನ್ನೆಲ್ಲ ಹೇಳಿದರೆ ಯಜಮಾನರಿಗೆ ಸಿಟ್ಟು ಬರಬಹುದು. ಜಗಳವಾಡಬೇಡಿ. 'ಬಳೆ ಕೊಡ್ತೇನೆ, ಆದ್ರೆ ಮೆಕ್ಯಾನಿಕ್ ನೋಡಿದ ಮೇಲೆ, ಕಾಗದ ನಾನೂ ಓದಿದ ಮೇಲೆ' ಎಂದಷ್ಟೇ ಹೇಳಿ. ದುಡ್ಡು ನಿಮ್ಮದು, ಅದರಲ್ಲಿ ಕೂರುವ ಮಕ್ಕಳು ನಿಮ್ಮಿಬ್ಬರದು. ಈ ಎರಡು ಷರತ್ತು ಕೇಳುವ ಹಕ್ಕು ನಿಮಗಿದೆ. ಒಳ್ಳೆಯ ಗಾಡಿಯಾದರೆ ಅದಕ್ಕೆ ಎರಡು ದಿನ ತಡವಾಗಬಹುದು, ಅಷ್ಟೇ ತಾನೆ? ನಿಂಬೆಹಣ್ಣು ಅಲ್ಲಿಯವರೆಗೆ ಫ್ರಿಜ್‌ನಲ್ಲಿ ಕೆಡುವುದಿಲ್ಲ.