ಮೌನಕ್ಕೂ ಬೆಲೆಯುಂಟು

ಪ್ರಯೋಗಶಾಲೆಯಲ್ಲಿ ಒಂದೇ ಅಂಶವನ್ನು ಬದಲಿಸಿ ಉಳಿದದ್ದೆಲ್ಲ ಏನಾಗುತ್ತದೆಂದು ನೋಡುತ್ತೇವಲ್ಲ, ಕಾದಂಬರಿಯ ಪಾತ್ರಗಳನ್ನೂ ಹಾಗೆಯೇ ನೋಡಬಹುದು. 2013ರಲ್ಲಿ ಪ್ರಕಟವಾದ ವಿವೇಕ ಶಾನಭಾಗರ ‘ಘಾಚರ್ ಘೋಚರ್’ನಲ್ಲಿ ಬದಲಾಗುವ ಅಂಶ ಹಣ. ಅಪ್ಪನ ಕೆಲಸ ಹೋಗುತ್ತದೆ. ಚಿಕ್ಕಪ್ಪನ ಮಸಾಲೆ ವ್ಯಾಪಾರ ಕೈಹಿಡಿಯುತ್ತದೆ. ಇಕ್ಕಟ್ಟಿನ ಮನೆಯಲ್ಲಿ ಕಾಸಿಗೆ ಕಾಸು ಎಣಿಸಿ ಒಟ್ಟಿಗಿದ್ದವರು ಈಗ ದುಡಿಯುವ ಚಿಕ್ಕಪ್ಪನ ಸುತ್ತಲೇ ಸುತ್ತುತ್ತಾರೆ.

ಒಂದು ದಿನ ಅವನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಬಾಗಿಲಿಗೆ ಬರುತ್ತಾಳೆ, ಕೈಯಲ್ಲಿ ಅವನಿಗೆಂದು ಮಾಡಿದ ಅಡುಗೆ. ಅಮ್ಮ ಮತ್ತು ಮಗಳು ಮಾಲತಿ ಅವಳನ್ನು ಬೈದು ಅಟ್ಟುತ್ತಾರೆ. ಇದು ಅನ್ಯಾಯವೆನ್ನುವವಳು ಸೊಸೆ ಅನಿತಾ ಒಬ್ಬಳೇ. ಅವಳ ಗಂಡ, ಅಂದರೆ ಕಥೆ ಹೇಳುವವನು, ಸುಮ್ಮನಿರುತ್ತಾನೆ. ಅವನು ಕ್ರೂರಿಯಲ್ಲ. ಆದರೆ ಬಾಯಿಬಿಟ್ಟರೆ ದುಡಿಯದೆ ಉಣ್ಣುವ ಸುಖಕ್ಕೇ ಸಂಚಕಾರ.

ವಿದ್ಯಾರ್ಥಿಗಳೇ, ಪಾತ್ರ ಒಳ್ಳೆಯದೋ ಕೆಟ್ಟದ್ದೋ ಎಂದಷ್ಟೇ ಬರೆದು ಮುಗಿಸಬೇಡಿ. ‘ಮಾತಾಡಿದ್ದರೆ ಇವನು ಏನು ಕಳೆದುಕೊಳ್ಳುತ್ತಿದ್ದ?’ ಎಂದು ಕೇಳಿ. ಸಂದಿಗ್ಧದ ಬೇರು ಅಲ್ಲಿದೆ.

ಪಾಲಕರಿಗೂ ಒಂದು ಮಾತು. ಆ ಮನೆಯಲ್ಲಿ ಅನಿತಾಳ ಮಾತಿಗೆ ಜಾಗವಿರಲಿಲ್ಲ. ಹಿರಿಯರ ತಪ್ಪನ್ನು ಮಕ್ಕಳು ಎತ್ತಿ ತೋರಿಸಿದಾಗ, ‘ಸುಮ್ಮನಿರು’ ಎನ್ನುವ ಮುನ್ನ ನಮ್ಮ ಮನೆಯಲ್ಲಿ ಇದೆಯೇ ಎಂದು ಯೋಚಿಸೋಣ.