ಸಿಗ್ನಲ್ ನಮ್ಮದು, ಬೀಗ ಯಾರದ್ದು?

1/8
ಲ್ಯಾಬ್‌ನಲ್ಲಿರೋ ಡಿಜಿಟಲ್ ಆಸಿಲೋಸ್ಕೋಪ್ ಮೆನುವಿನಲ್ಲಿ ‘ಡಿಕೋಡ್’ ಅಂತ ಒಂದು ಆಪ್ಷನ್ ಇರತ್ತೆ. ಯಾವತ್ತಾದ್ರೂ ಒತ್ತಿ ನೋಡಿದ್ದೀರಾ? ನಾವು ಒತ್ತಿದ್ವಿ. ಲೈಸೆನ್ಸ್ ಇಲ್ಲ ಅಂತ ಬಂತು. ಸರ್ ಹತ್ರ ಕೇಳಿದ್ರೆ, "ಅದಕ್ಕೆ ಬೇರೆ ದುಡ್ಡು ಕಣ್ರೋ, ಕಾಲೇಜು ತಗೊಂಡಿಲ್ಲ. ವೇವ್‌ಫಾರ್ಮ್ ನೋಡ್ಕೊಂಡು ರೆಕಾರ್ಡ್ ಬರೀರಿ" ಅಂದ್ರು.

ಸ್ವಲ್ಪ ಯೋಚನೆ ಮಾಡಿ. ಬೋರ್ಡ್ ನಮ್ಮದು, ಕೋಡ್ ನಾವೇ ಬರೆದಿದ್ದು. ಸಿಗ್ನಲ್ ಆಗಲೇ ಸ್ಕೋಪಿನೊಳಗೆ ಹೋಗಿದೆ, ಸ್ಯಾಂಪಲ್ ಆಗಿದೆ, ಮೆಮೊರಿಯಲ್ಲಿ ಕೂತಿದೆ. ಅದರಲ್ಲಿ ಏನಿದೆ ಅಂತ ಓದಿ ಹೇಳೋ ಕೆಲಸಕ್ಕೆ ಮಾತ್ರ ಬೀಗ. ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂತಾರಲ್ಲ, ಹಾಗೆ.

ಈ ಸರಣಿ ಆ ಬೀಗದ ಬಗ್ಗೆ. ಅದಕ್ಕಿಂತ ಹೆಚ್ಚಾಗಿ, ಬೀಗ ನೋಡಿ ಸುಮ್ನೆ ವಾಪಸ್ ಬಂದ ನಮ್ಮ ಬಗ್ಗೆ.

2/8
ಮೊದಲು ನಮ್ಮ ಟೀಮಿನ ಮರ್ಯಾದೆ ನಾನೇ ಕಳೀತೀನಿ.

ಪ್ರಾಜೆಕ್ಟ್‌ನಲ್ಲಿ ಒಂದೇ ಐ2ಸಿ ಬಸ್ ಮೇಲೆ ಎರಡು ಮಾಡ್ಯೂಲ್. ಟೈಮ್‌ಗೆ ಡಿಎಸ್1307, ಅಲುಗಾಟ ಅಳೆಯೋಕೆ ಎಂಪಿಯು6050. ಒಂದೊಂದೇ ಹಾಕಿದ್ರೆ ಎರಡೂ ಸರಿ. ಒಟ್ಟಿಗೆ ಹಾಕಿದ್ರೆ ಗಡಿಯಾರ ಬಾಯಿಗೆ ಬಂದ ಟೈಮ್ ಹೇಳ್ತಿತ್ತು. ಮೂರು ವಾರ ಹೋಯ್ತು. ಜಂಪರ್ ವೈರ್ ಬದಲಾಯಿಸಿದ್ವಿ, ಪುಲ್‌ಅಪ್ ರೆಸಿಸ್ಟರ್ ಬದಲಾಯಿಸಿದ್ವಿ, ಎಸ್‌ಪಿ ರೋಡ್‌ಗೆ ಎರಡು ಸಲ ಹೋಗಿ ಹೊಸ ಮಾಡ್ಯೂಲ್ ತಂದ್ವಿ. ಡೂಪ್ಲಿಕೇಟ್ ಕೊಟ್ಟ ಅಂತ ಅಂಗಡಿಯವನನ್ನ ಬೈಕೊಂಡ್ವಿ.

ಕೊನೆಗೆ ಸೀನಿಯರ್ ಒಬ್ರು ಅಂಗೈಯಲ್ಲಿ ಮುಚ್ಚಿಡಬಹುದಾದ ಒಂದು ಲಾಜಿಕ್ ಅನಲೈಸರ್ ತಂದ್ರು. ಎಸ್‌ಡಿಎ, ಎಸ್‌ಸಿಎಲ್, ಗ್ರೌಂಡ್, ಮೂರೇ ವೈರ್. ಲ್ಯಾಪ್‌ಟಾಪ್‌ನಲ್ಲಿ ಪಲ್ಸ್‌ವ್ಯೂ ತೆಗೆದು ಐ2ಸಿ ಡಿಕೋಡರ್ ಸೇರಿಸಿದ್ರು. ಗೆರೆಗಳ ಕೆಳಗೆ ಅಡ್ರೆಸ್ ಬರೆದು ಬಂತು. ಹೆಕ್ಸ್ 68. ಮುಂದಿನದ್ದು ನೋಡಿದ್ರೆ ಅದೂ 68. ಅದರ ಮುಂದಿನದ್ದೂ 68.

ಎರಡು ಚಿಪ್, ಒಂದೇ ಮನೆ ನಂಬರ್! ಪೋಸ್ಟ್‌ಮ್ಯಾನ್ ಕೂಗಿದ್ರೆ ಇಬ್ಬರೂ ಓಗೊಡ್ತಿದ್ರು. ಐ2ಸಿ ವೈರ್ ಮೇಲೆ ಒಬ್ಬ 1, ಇನ್ನೊಬ್ಬ 0 ಅಂದ್ರೆ ಗೆಲ್ಲೋದು 0. ಹಾಗಾಗಿ ಇಬ್ಬರ ಉತ್ತರ ಕಲಸಿ ಕಿಚಡಿ. ಎಂಪಿಯು6050ರ ಎಡಿ0 ಪಿನ್ ಹೈ ಮಾಡಿದ ಕೂಡಲೇ ಅದರ ಅಡ್ರೆಸ್ 69 ಆಯ್ತು, ಗಡಿಯಾರ ಸರಿಹೋಯ್ತು. ಹತ್ತು ನಿಮಿಷ.

ಡೇಟಾಶೀಟ್ ಓದಿದ್ರೆ ಸಾಕಿತ್ತಲ್ಲ ಅಂತೀರಾ? ಸಾಕಿತ್ತು. ಆದ್ರೆ ಯಾವ ಪುಟ ಓದ್ಬೇಕು ಅಂತ ಹೇಳಿದ್ದು ಆ ಪರದೆ.

3/8
ಈಗ ಆ ಬೀಗದ ಹಿಂದೆ ಏನಿದೆ ನೋಡೋಣ. ಮಂತ್ರ ಇಲ್ಲ, ಸಣ್ಣ ಲೆಕ್ಕ ಇದೆ.

ಯುಎಆರ್‌ಟಿ 9600 ಬಾಡ್ ಅಂದ್ರೆ ಒಂದು ಬಿಟ್‌ಗೆ ಸುಮಾರು 104 ಮೈಕ್ರೋಸೆಕೆಂಡ್. ಲೈನ್ ಕೆಳಗೆ ಬಿದ್ರೆ ಸ್ಟಾರ್ಟ್ ಬಿಟ್. ಅಲ್ಲಿಂದ ಒಂದೂವರೆ ಬಿಟ್ ಕಾಲ ಬಿಟ್ಟು ಮೊದಲ ಡೇಟಾ ಬಿಟ್‌ನ ನಡುಮಧ್ಯ ಓದು, ಆಮೇಲೆ 104ಕ್ಕೊಂದು ಸಲ ಓದ್ತಾ ಹೋಗು. ಎಂಟು ಬಿಟ್ ಆದ್ರೆ ಒಂದು ಅಕ್ಷರ.

ಐ2ಸಿ ಇನ್ನೂ ಸುಲಭ. ಎಸ್‌ಸಿಎಲ್ ಮೇಲಿದ್ದಾಗ ಎಸ್‌ಡಿಎ ಕೆಳಗೆ ಬಿದ್ರೆ ಮಾತು ಶುರು. ಎಸ್‌ಸಿಎಲ್ ಮೇಲಕ್ಕೆ ಹೋದಾಗೆಲ್ಲ ಎಸ್‌ಡಿಎ ಓದು. ಮೊದಲ 7 ಬಿಟ್ ಅಡ್ರೆಸ್, 8ನೇದು ಓದೋದಾ ಬರೆಯೋದಾ, 9ನೇದು ‘ಕೇಳಿಸ್ತು’ ಅನ್ನೋ ಉತ್ತರ.

ಇಷ್ಟೇ! ಪೆನ್ಸಿಲ್ ಹಿಡಿದು ಗ್ರಾಫ್ ಶೀಟ್ ಮೇಲೂ ಮಾಡಬಹುದು. ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್‌ಗೋಸ್ಕರ ಇದನ್ನೇ ಬರೆದು ಬಂದಿದ್ದೀವಿ. ಬರೆದು ಬಂದವರೇ ಮೆಷಿನ್ ಮುಂದೆ ನಿಂತು, ಲೈಸೆನ್ಸ್ ಇಲ್ಲ ಸರ್ ಅಂತ ತಲೆ ತಗ್ಗಿಸ್ತೀವಿ.

4/8
ಈ ಲೆಕ್ಕವನ್ನ ಬೀಗ ಇಲ್ಲದೆ ಕೊಡ್ತಿರೋ ಯೋಜನೆಯ ಹೆಸರು ಸಿಗ್ರಾಕ್. ಉವೆ ಹರ್ಮನ್, ಬರ್ಟ್ ವರ್ಮ್ಯೂಲನ್ ಅನ್ನೋರು ಶುರು ಮಾಡಿದ್ದು, ಆಮೇಲೆ ಎಷ್ಟೋ ಜನ ಕೈಜೋಡಿಸಿದ್ದು. ಅದರ ಪರದೆಯ ಮುಖವೇ ಪಲ್ಸ್‌ವ್ಯೂ. ಲೈಸೆನ್ಸ್ ಜಿಪಿಎಲ್. ಅಂದ್ರೆ ಬಳಸಬಹುದು, ಒಳಗೆ ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನ ಹಂಚಬಹುದು. ಹಂಚುವಾಗ ಇದೇ ಸ್ವಾತಂತ್ರ್ಯ ಮುಂದಿನವರಿಗೂ ಕೊಡ್ಬೇಕು, ಅದೊಂದೇ ಷರತ್ತು.

ನೂರಕ್ಕೂ ಹೆಚ್ಚು ಡಿಕೋಡರ್ ಇವೆ. ಯುಎಆರ್‌ಟಿ, ಎಸ್‌ಪಿಐ, ಐ2ಸಿ, ಒನ್‌ವೈರ್, ಕಾರುಗಳಲ್ಲಿರೋ ಕ್ಯಾನ್, ಟಿವಿ ರಿಮೋಟ್‌ನ ಎನ್‌ಇಸಿ ಕೋಡ್, ಎಲ್ಲರ ಮಿನಿ ಪ್ರಾಜೆಕ್ಟ್‌ನಲ್ಲೂ ಇರೋ ಡಿಎಚ್‌ಟಿ11 ಕೂಡ. ಒಂದರ ಮೇಲೊಂದು ಪೇರಿಸಬಹುದು. ಕೆಳಗೆ ಐ2ಸಿ, ಅದರ ಮೇಲೆ ಡಿಎಸ್1307 ಡಿಕೋಡರ್ ಹಾಕಿದ್ರೆ ಬೈಟ್ ಬದಲು ದಿನಾಂಕ, ಗಂಟೆ, ನಿಮಿಷವೇ ಓದೋಕೆ ಸಿಗತ್ತೆ.

ನನಗೆ ಮುಖ್ಯ ಅನ್ಸೋದು ಇನ್ನೊಂದು ವಿಷಯ. ಡಿಕೋಡರ್‌ಗಳನ್ನ ಬರೆದಿರೋದು ಪೈಥಾನ್‌ನಲ್ಲಿ. ಐ2ಸಿ ಫೈಲ್ ತೆಗೆದು ನೋಡಿ. ‘ಮೊದಲ ವೈರ್ ಹೈ ಇದ್ದು ಎರಡನೇದು ಬೀಳೋವರೆಗೆ ಕಾಯಿ’ ಅನ್ನೋದು ಅಲ್ಲಿ ಒಂದೇ ಸಾಲಲ್ಲಿದೆ. ನಮ್ಮ ಟೆಕ್ಸ್ಟ್‌ಬುಕ್‌ನಲ್ಲಿ ಅದಕ್ಕೆ ಒಂದು ಪುಟ, ಒಂದು ಚಿತ್ರ.

5/8
ಈಗ ಸ್ವಲ್ಪ ಕಹಿ ಮಾತು.

ನಮ್ಮ ಕ್ಲಾಸ್ ಗ್ರೂಪ್‌ನಲ್ಲಿ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಓಡಾಡೋದು ನಿಮಗೂ ಗೊತ್ತು, ನನಗೂ ಗೊತ್ತು. ಇನ್ನೊಂದು ಕಳ್ಳತನ ನಮಗೆ ಕಳ್ಳತನ ಅಂತಾನೇ ಅನ್ಸಲ್ಲ. ಅಗ್ಗದ 8 ಚಾನೆಲ್ ಅನಲೈಸರ್ ತಗೋತೀವಿ. ಅದರಲ್ಲಿ ಎಷ್ಟೋ ಡಬ್ಬಿಗಳು ಸೇಲಿಯೇ ಕಂಪನಿಯ ಯುಎಸ್‌ಬಿ ಗುರುತು ಹಾಕ್ಕೊಂಡು ‘ನಾನು ಅವರದ್ದೇ’ ಅಂತ ಸುಳ್ಳು ಹೇಳ್ತವೆ. ಆ ಕಂಪನಿ ತನ್ನ ಗಿರಾಕಿಗಳಿಗೆ ಅಂತ ಮಾಡಿದ ಸಾಫ್ಟ್‌ವೇರ್‌ನ ನಾವು ಅದರ ಮೇಲೆ ಓಡಿಸ್ತೀವಿ. ಜಾಣತನ ಅಲ್ಲ ಗುರು ಅದು.

ಅದರ ಅಗತ್ಯಾನೂ ಇಲ್ಲ. ಆ ಡಬ್ಬಿಯೊಳಗೆ ಸಾಮಾನ್ಯವಾಗಿ ಇರೋದು ಸೈಪ್ರೆಸ್‌ನ ಎಫ್‌ಎಕ್ಸ್2 ಚಿಪ್. ಚುಚ್ಚಿದಾಗೆಲ್ಲ ಕಂಪ್ಯೂಟರೇ ಅದಕ್ಕೆ ಫರ್ಮ್‌ವೇರ್ ತುಂಬತ್ತೆ. ಸಿಗ್ರಾಕ್‌ನವರು ಅದಕ್ಕೆ ತಮ್ಮದೇ ಮುಕ್ತ ಫರ್ಮ್‌ವೇರ್ ಬರೆದಿದ್ದಾರೆ. ಆ ಚಿಪ್‌ನೊಳಗಿನ ಪ್ರೊಸೆಸರ್ ಯಾವುದು ಗೊತ್ತಾ? 8051ರ ವಂಶದ್ದು! ‘ಈ ಕಾಲದಲ್ಲೂ ಯಾಕೆ ಓದಿಸ್ತಾರೋ’ ಅಂತ ನಾವು ಬೈತೀವಲ್ಲ, ಅದೇ. ಫರ್ಮ್‌ವೇರ್ ಸಿ ಭಾಷೆಯಲ್ಲಿದೆ, ಎಸ್‌ಡಿಸಿಸಿ ಕಂಪೈಲರ್ ಸಾಕು. ಸಿಲಬಸ್ ಓದಿದವರು ಕೂತು ಓದಬಹುದಾದ ಕೋಡ್ ಅದು.

6/8
‘ಲಾಜಿಕ್ ಅನಲೈಸರ್ ಆಸಿಲೋಸ್ಕೋಪ್ ಅಲ್ವಲ್ಲ’ ಅಂತ ಕಾಮೆಂಟ್ ಟೈಪ್ ಮಾಡ್ತಿರೋರು ಸ್ವಲ್ಪ ನಿಲ್ಲಿ. ನಿಜ, ಅಲ್ಲ. ಅದಕ್ಕೆ ಕಾಣೋದು 0 ಮತ್ತು 1 ಮಾತ್ರ. ಅಂಚು ಸವೆದಿದ್ಯಾ, ನಾಯ್ಸ್ ಇದ್ಯಾ, ವೋಲ್ಟೇಜ್ ಅರ್ಧಕ್ಕೆ ನಿಂತಿದ್ಯಾ ಅಂತ ತಿಳಿಯೋಕೆ ಸ್ಕೋಪೇ ಬೇಕು.

ಆದ್ರೆ ಸ್ಕೋಪ್‌ಗೂ ದಾರಿ ಇದೆ. ರೈಗಾಲ್ ಡಿಎಸ್1000ಝಡ್ ತರದ ಎಷ್ಟೋ ಸ್ಕೋಪ್‌ಗಳಿಂದ ಸಿಗ್ರಾಕ್ ಕೇಬಲ್ ಮೂಲಕ ಡೇಟಾ ತಗೊಳತ್ತೆ. ಡಿಕೋಡ್ ಆಗೋದು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ. ಸ್ಕೋಪಿನ ಬೀಗ ಮುರಿಯೋ ಮಾತೇ ಇಲ್ಲ. ಹ್ಯಾಂಟೆಕ್ 6022 ತರದ ಯುಎಸ್‌ಬಿ ಸ್ಕೋಪ್‌ಗೆ ಓಪನ್‌ಹ್ಯಾಂಟೆಕ್6022 ಇದೆ. ಆಂಡ್ರ್ಯೂ ಝೋನೆನ್‌ಬರ್ಗ್ ಶುರು ಮಾಡಿದ ಎನ್‌ಜಿಸ್ಕೋಪ್‌ಕ್ಲೈಂಟ್ ಅಂತೂ ಭಾರೀ ವೇಗದ ಸಿಗ್ನಲ್ ಕೆಲಸಕ್ಕೇ ಮಾಡಿದ್ದು, ಲೆಕ್ಕಕ್ಕೆ ಗ್ರಾಫಿಕ್ಸ್ ಕಾರ್ಡನ್ನೇ ದುಡಿಸ್ಕೊಳತ್ತೆ.

ಮಿತಿಗಳನ್ನೂ ಹೇಳ್ತೀನಿ, ಆಮೇಲೆ ನನ್ನ ಬೈಬೇಡಿ. ಅಗ್ಗದ ಎಫ್‌ಎಕ್ಸ್2 ಡಬ್ಬಿ ಸೆಕೆಂಡಿಗೆ 24 ಮಿಲಿಯನ್ ಸ್ಯಾಂಪಲ್ ತೆಗೆಯತ್ತೆ. ಸಿಗ್ನಲ್ ವೇಗದ ನಾಲ್ಕು ಪಟ್ಟಾದರೂ ಸ್ಯಾಂಪಲ್ ಇಟ್ಕೊಳ್ಳಿ. ಡಬ್ಬಿಗೆ ಸ್ವಂತ ಮೆಮೊರಿ ಇಲ್ಲ, ಯುಎಸ್‌ಬಿ ತಡವರಿಸಿದ್ರೆ ಕ್ಯಾಪ್ಚರ್ ನಿಲ್ಲತ್ತೆ. ಗ್ರೌಂಡ್ ಸೇರಿಸೋಕೆ ಮರೀಬೇಡಿ. 5 ವೋಲ್ಟ್ ಮೀರಿದ ಸಿಗ್ನಲ್ ಕೊಡಬೇಡಿ. ಮೇನ್ಸ್ ಕರೆಂಟ್ ಹತ್ರ ಅಂತೂ ಒಯ್ಯಲೇಬೇಡಿ. ಲ್ಯಾಪ್‌ಟಾಪ್ ಜೊತೆ ನೀವೂ ಹೋಗ್ತೀರ.

7/8
ವಾದಗಳಿಗೆ ಉತ್ತರ.

"ಕಂಪನಿಯವರೂ ಕಷ್ಟಪಟ್ಟಿರ್ತಾರೆ, ದುಡ್ಡು ಕೇಳಿದ್ರೆ ತಪ್ಪೇನು?" ತಪ್ಪಿಲ್ಲ. ಕೆಲಸದ ಜಾಗದಲ್ಲಿ ಟೈಮ್ ಉಳಿಯೋದಾದ್ರೆ ಕೊಡ್ಲಿ. ನನ್ನ ಸಿಟ್ಟು ಅವರು ಮಾರೋದಕ್ಕಲ್ಲ. ಕಲಿಯೋ ಜಾಗದಲ್ಲಿ ‘ಆ ಬಟನ್ ಇಲ್ಲ, ಹಾಗಾಗಿ ಆ ಪಾಠವೂ ಇಲ್ಲ’ ಅಂತ ನಾವು ಒಪ್ಕೊಂಡಿದ್ದೀವಲ್ಲ, ಅದಕ್ಕೆ.

"ಫ್ರೀ ಸಾಫ್ಟ್‌ವೇರ್ ಅಲ್ವಾ, ಬಗ್ ಇರತ್ತೆ." ಇರತ್ತೆ. ಸಿಗ್ರಾಕ್‌ನ ಅಧಿಕೃತ ಆವೃತ್ತಿಗಳು ಬರೋದು ನಿಧಾನ. ವಿಂಡೋಸ್‌ನಲ್ಲಿ ಝಾಡಿಗ್ ಹಾಕಿ ಡ್ರೈವರ್ ಬದಲಾಯಿಸೋ ತಲೆನೋವೂ ಇದೆ. ಬಿಡುವಿನಲ್ಲಿ ದುಡಿಯೋ ಕೈಗಳು ಕಡಿಮೆ, ಅದಕ್ಕೇ ನಿಧಾನ. ಬಳಸೋರು ಸಾವಿರ, ತಿದ್ದೋರು ಬೆರಳೆಣಿಕೆ. ನಾವು ಯಾವ ಸಾಲಲ್ಲಿದ್ದೀವಿ?

"ಪ್ಲೇಸ್‌ಮೆಂಟ್‌ನಲ್ಲಿ ಇದನ್ನ ಯಾರು ಕೇಳ್ತಾರೆ?" ಸಾಫ್ಟ್‌ವೇರ್ ಹೆಸರು ಕೇಳದೇ ಇರಬಹುದು. ಆದ್ರೆ "ಪ್ರಾಜೆಕ್ಟ್‌ನಲ್ಲಿ ಏನು ಕೆಟ್ಟಿತು, ಹೇಗೆ ಕಂಡುಹಿಡಿದ್ರಿ?" ಅಂತ ಯಾರಾದ್ರೂ ಕೇಳಿದ್ರೆ ಏನು ಹೇಳ್ತೀರ? ‘ವೈರ್ ಅಲ್ಲಾಡಿಸಿದ್ವಿ ಸರ್, ಸರಿಹೋಯ್ತು’ ಅಂತಾನಾ?

8/8
ಹಾಗಾದ್ರೆ ಏನು ಮಾಡೋದು?

ಟೀಮಿನ ನಾಲ್ಕು ಜನ ದುಡ್ಡು ಹಾಕಿ ಒಂದು ಅನಲೈಸರ್ ತಗೊಳ್ಳಿ. ಒಂದು ಜೊತೆ ಒಳ್ಳೆ ಶೂಗಿಂತ ಕಡಿಮೆ ಆಗತ್ತೆ. ಡಬ್ಬಿ ಬರೋವರೆಗೂ ಕಾಯಬೇಕಿಲ್ಲ. ಪಲ್ಸ್‌ವ್ಯೂನಲ್ಲಿ ಡೆಮೊ ಡಿವೈಸ್ ಇದೆ, ಬೇರೆಯವರು ಹಿಡಿದಿಟ್ಟ ಕ್ಯಾಪ್ಚರ್‌ಗಳು ಸಿಗ್ರಾಕ್ ಸಂಗ್ರಹದಲ್ಲಿ ಸಿಗತ್ತೆ. ಇವತ್ತು ರಾತ್ರಿಯೇ ಶುರು ಮಾಡಬಹುದು.

ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಎಲ್ಲಿಂದಲೋ ತಂದ ವೇವ್‌ಫಾರ್ಮ್ ಅಂಟಿಸಬೇಡಿ. ನಿಮ್ಮ ಬೋರ್ಡ್‌ನ ಕ್ಯಾಪ್ಚರ್ ಹಾಕಿ. ಜೂನಿಯರ್ಸ್, ಲ್ಯಾಬ್ ಕಂಪ್ಯೂಟರ್‌ಗೆ ಪಲ್ಸ್‌ವ್ಯೂ ಹಾಕ್ಸಿ ಅಂತ ಸರ್ ಹತ್ರ, ಮೇಡಂ ಹತ್ರ ಕೇಳಿ. ದುಡ್ಡು ಕೇಳ್ತಿಲ್ಲ, ಅರ್ಧ ಗಂಟೆ ಕೇಳ್ತಿದ್ದೀರ. ಹಿಂಜರಿಬೇಡಿ.

ಆಮೇಲೆ ವಾಪಸ್ ಕೊಡಿ. ಡಿಕೋಡರ್ ಇಲ್ಲದ ಚಿಪ್ ಸಿಕ್ಕಿದ್ರೆ ಪೈಥಾನ್‌ನಲ್ಲಿ ಬರೆದು ನೋಡಿ. ಅಷ್ಟು ಆಗಲ್ವಾ? ಒಂದು ಶುದ್ಧ ಕ್ಯಾಪ್ಚರ್ ಫೈಲ್ ಕಳಿಸಿ. ಅದೂ ಆಗಲ್ವಾ? ಕ್ಲಾಸ್‌ನಲ್ಲಿ ಪಕ್ಕದವರಿಗೆ ಕನ್ನಡದಲ್ಲಿ ಹೇಳ್ಕೊಡಿ.

ನಮ್ಮ ಮೂರು ವಾರ ಹೋಯ್ತು, ಹೋಗ್ಲಿ. ನಿಮ್ಮದು ಹೋಗೋದು ಬೇಡ. ಬೋರ್ಡ್ ಮೇಲೆ ಎರಡು ಚಿಪ್ ಇದ್ಯಾ? ಅಡ್ರೆಸ್ ನೋಡಿದ್ರಾ?

ಸೇವ್ ಮಾಡ್ಕೊಳ್ಳಿ. ಪ್ರಾಜೆಕ್ಟ್ ಟೀಮಿನವರನ್ನ ಟ್ಯಾಗ್ ಮಾಡಿ. ಸಿಕ್ಕಿಹಾಕ್ಕೊಂಡಿದ್ರೆ ಕ್ಯಾಪ್ಚರ್‌ನ ಸ್ಕ್ರೀನ್‌ಶಾಟ್ ಕಳಿಸಿ, ಒಟ್ಟಿಗೆ ಓದೋಣ.

#ಸಿಗ್ನಲ್‌ನಮ್ಮದು #ಮುಕ್ತತಂತ್ರಾಂಶ #ಕನ್ನಡದಲ್ಲಿಎಲೆಕ್ಟ್ರಾನಿಕ್ಸ್